ಕಲಬುರಗಿ ಬಿಸಿಲು, ನಮ್ಮ ಮನೆ ಎಸಿ ಮತ್ತು ಮೀಟರಿನ ಕೆಂಪು ದೀಪ

ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ಅಂದರೆ ಯಾರೂ ಬೆಚ್ಚುವುದಿಲ್ಲ. ರಾತ್ರಿ ಊಟ ಮುಗಿದ ಮೇಲೂ ಗೋಡೆ ಮುಟ್ಟಿದರೆ ಬಿಸಿ ಇರುತ್ತದೆ. ಮನೆಯಲ್ಲಿ ವಯಸ್ಸಾದ ಅವ್ವ ಇದ್ದಾರೆ, ಎಸಿ ಬೇಡ ಎನ್ನುವ ಹಾಗಿಲ್ಲ. ಎಸಿ ಓಡಲೇಬೇಕು, ಆದರೆ ಕರೆಂಟು ಕಡಿಮೆ ಎಳೆಯಬೇಕು. ಅದಕ್ಕಾಗಿ ನಾನೇ ಕೈಯಾರೆ ಮಾಡಿಕೊಳ್ಳುವ ಕೆಲಸಗಳನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಲೆಕ್ಕ. ಒಂದೂವರೆ ಟನ್ನಿನ ಎಸಿ ಪೂರ್ತಿ ದುಡಿಯುವಾಗ ಗಂಟೆಗೆ ಸುಮಾರು ಒಂದೂವರೆ ಯೂನಿಟ್ ಎಳೆಯುತ್ತದೆ. ರಾತ್ರಿ 8 ತಾಸು ಹಾಗೇ ಓಡಿದರೆ 12 ಯೂನಿಟ್, ತಿಂಗಳಿಗೆ 360. ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಾವೇ ಕಟ್ಟಬೇಕು. ಇನ್ವರ್ಟರ್ ಎಸಿಯಾದರೆ ಕೋಣೆ ತಣ್ಣಗಾದ ಮೇಲೆ ಕಂಪ್ರೆಸರ್ ತಾನೇ ನಿಧಾನವಾಗುತ್ತದೆ. ಅದು ಎಷ್ಟು ಬೇಗ ನಿಧಾನವಾಗುತ್ತದೆ ಎನ್ನುವುದರ ಮೇಲೆಯೇ ಬಿಲ್ಲು ನಿಂತಿದೆ. ಧೂಳು ಹಿಡಿದ ಎಸಿ ನಿಧಾನವಾಗುವುದೇ ಇಲ್ಲ, ರಾತ್ರಿಯಿಡೀ ಏದುಸಿರು ಬಿಡುತ್ತಿರುತ್ತದೆ.

ಇದನ್ನು ಕಣ್ಣಾರೆ ನೋಡಲು ಯಾವ ಯಂತ್ರವೂ ಬೇಡ, ಮನೆಯ ಕರೆಂಟು ಮೀಟರೇ ಸಾಕು. ಅದರಲ್ಲಿ ಮಿಣುಕುವ ಒಂದು ಕೆಂಪು ದೀಪ ಇರುತ್ತದೆ. ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿಣುಕುತ್ತದೆ ಅಂತ ಮೀಟರ್ ಮೇಲೇ ಬರೆದಿರುತ್ತದೆ. ಬಹಳ ಮೀಟರುಗಳಲ್ಲಿ 3200 ಇರುತ್ತದೆ, ನಿಮ್ಮದರಲ್ಲಿ ಎಷ್ಟಿದೆ ನೋಡಿಕೊಳ್ಳಿ. ಫ್ರಿಜ್, ಪಂಪು ಎಲ್ಲ ಸ್ವಲ್ಪ ಹೊತ್ತು ಆರಿಸಿ, ಎಸಿ ಒಂದನ್ನೇ ಓಡಿಸಿ, ಒಂದು ನಿಮಿಷ ಎಣಿಸಿ. 80 ಸಲ ಮಿಣುಕಿದರೆ 80 ಗುಣಿಸು 60, ಭಾಗಿಸು 3200. ಅಂದರೆ ಒಂದೂವರೆ ಕಿಲೋವ್ಯಾಟ್, ಎಸಿ ಪೂರ್ತಿ ಜೋರಿನಲ್ಲಿದೆ. ಒಂದು ಗಂಟೆ ಬಿಟ್ಟು ಮತ್ತೆ ಎಣಿಸಿ. ಅದು 20, 30ಕ್ಕೆ ಇಳಿದಿದ್ದರೆ ಎಸಿ ಆರಾಮಾಗಿದೆ. ಇಳಿಯದಿದ್ದರೆ ಎಲ್ಲೋ ತೊಂದರೆ ಇದೆ. ತೊಳೆಯುವ ಮೊದಲು ಒಮ್ಮೆ, ತೊಳೆದ ಮೇಲೆ ಒಮ್ಮೆ ಎಣಿಸುವುದು ನನಗೆ ರೂಢಿಯಾಗಿದೆ. ಯಾರ ಮಾತೂ ನಂಬಬೇಕಿಲ್ಲ, ದೀಪವೇ ಹೇಳುತ್ತದೆ.

ಎಲ್ಲರೂ ಒಳಗಿನ ಫಿಲ್ಟರ್ ತೊಳೆಯುತ್ತಾರೆ. ಹೊರಗಿನ ಪೆಟ್ಟಿಗೆಯನ್ನು ಬಹಳ ಮಂದಿ ಮರೆತೇಬಿಡುತ್ತಾರೆ. ನನ್ನ ಪ್ರಕಾರ ನಮ್ಮ ಊರಲ್ಲಿ ಅದೇ ಮುಖ್ಯ. ಕೋಣೆಯ ಶಾಖವನ್ನೆಲ್ಲ ಹೊರಗೆ ಚೆಲ್ಲುವುದು ಅದು. ಹೊರಗೆ 42 ಡಿಗ್ರಿ ಇರುವಾಗ ಆ ಕೆಲಸ ಮೊದಲೇ ಕಷ್ಟ. ಇಲ್ಲಿ ದಾಲ್ ಮಿಲ್ಲುಗಳಿಂದ ಬರುವ ತೊಗರಿಯ ನವಿರು ಹೊಟ್ಟು, ರಸ್ತೆ ಧೂಳು, ಪಾರಿವಾಳದ ಪುಕ್ಕ ಎಲ್ಲ ಸೇರಿ ಹಿಂದಿನ ಅಲ್ಯುಮಿನಿಯಂ ರೆಕ್ಕೆಗಳ ಮೇಲೆ ಕಂಬಳಿ ಹಾಸಿದ ಹಾಗೆ ಕೂತುಬಿಡುತ್ತವೆ. ಗಾಳಿ ಆಡುವುದಿಲ್ಲ, ಶಾಖ ಹೊರಬೀಳುವುದಿಲ್ಲ, ಕಂಪ್ರೆಸರ್ ಇನ್ನೂ ಜಾಸ್ತಿ ದುಡಿಯುತ್ತದೆ.

ನಾನು ಮಾಡುವುದು ಹೀಗೆ. ಬೇಸಿಗೆ ಶುರುವಾಗುವ ಮೊದಲು, ಬೆಳಗಿನ ತಂಪಿನಲ್ಲಿ, ಎಸಿಯ ಎಂಸಿಬಿ (ಬೋರ್ಡಿನಲ್ಲಿ ಕರೆಂಟನ್ನೇ ಕಡಿಯುವ ಸ್ವಿಚ್) ಇಳಿಸುತ್ತೇನೆ. ರಿಮೋಟಿನಲ್ಲಿ ಆರಿಸಿದರೆ ಸಾಲದು. ಮೊದಲು ಒಣ ಬ್ರಷ್‌ನಿಂದ ರೆಕ್ಕೆಗಳ ಉದ್ದಕ್ಕೆ, ಮೇಲಿಂದ ಕೆಳಗೆ ಧೂಳು ಕೆಡವುತ್ತೇನೆ. ಅಡ್ಡಡ್ಡ ಉಜ್ಜಿದರೆ ರೆಕ್ಕೆ ಮಡಚಿಕೊಳ್ಳುತ್ತದೆ. ಆಮೇಲೆ ತೋಟದ ಪೈಪಿನ ಸಾದಾ ನೀರು ಬಿಡುತ್ತೇನೆ. ಗಾಡಿ ತೊಳೆಯುವ ಜೋರಿನ ನೀರು ಬೇಡವೇ ಬೇಡ. ವೈರಿಂಗ್ ಇರುವ ಬದಿಯ ಮುಚ್ಚಳ ನಾನು ಬಿಚ್ಚುವುದಿಲ್ಲ, ಆ ಕಡೆ ನೀರೂ ಹೊಡೆಯುವುದಿಲ್ಲ. ಕರೆಂಟು ತೆಗೆದ ಮೇಲೂ ಅಲ್ಲಿ ಕರೆಂಟು ಹಿಡಿದಿಟ್ಟುಕೊಂಡಿರುವ ಕೆಪಾಸಿಟರ್ ಶಾಕ್ ಕೊಡಬಲ್ಲದು. ಪೆಟ್ಟಿಗೆ ಗೋಡೆಯ ಹೊರಗೆ ನೇತಾಡುತ್ತಿದ್ದು ಕೈಗೆ ಎಟುಕದಿದ್ದರೆ ಮೆಕ್ಯಾನಿಕ್ ಕರೆಯಿರಿ, ಸುಮ್ನೆ ಹತ್ತಲು ಹೋಗಬೇಡಿ. ಪೆಟ್ಟಿಗೆಯ ಮೇಲೆ ಬಿಸಿಲು ಬೀಳದಂತೆ ಚಪ್ಪರ ಹಾಕಿದರೆ ಒಳ್ಳೆಯದೇ. ಆದರೆ ಹಿಂದೆ, ಮುಂದೆ ಗಾಳಿ ಆಡಲು ಜಾಗ ಇರಲೇಬೇಕು.

ಒಳಗಿನ ಫಿಲ್ಟರ್ ಎರಡು ವಾರಕ್ಕೊಮ್ಮೆ. ಹಿಂಬದಿಯಿಂದ ನೀರು ಬಿಟ್ಟು, ನೆರಳಲ್ಲಿ ಒಣಗಿಸಿ ಹಾಕಿದರೆ ಮುಗಿಯಿತು. ಅದರ ಹಿಂದೆ ತಿರುಗುವ ಉರುಳೆ ಫ್ಯಾನ್‌ಗೆ ಕಪ್ಪು ಜಿಡ್ಡು ಹಿಡಿದಿದ್ದರೆ ಅದು ನಮ್ಮ ಕೆಲಸವಲ್ಲ, ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಬೇಕು.

ಸರ್ವಿಸ್‌ಗೆ ಬಂದವರು "ಗ್ಯಾಸ್ ಕಮ್ಮಿಯಾಗಿದೆ" ಅಂತ ಪ್ರತಿ ವರ್ಷ ಹೇಳುವುದು ಎಷ್ಟೋ ಮನೆಗಳ ಅನುಭವ, ಅಲ್ವಾ? ಇದರ ಬಗ್ಗೆ ನನಗೆ ಖಡಾಖಂಡಿತವಾದ ಅಭಿಪ್ರಾಯ ಇದೆ. ಎಸಿಯ ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ಕೊಳವೆಯೊಳಗೇ ಸುತ್ತುತ್ತಿರುತ್ತದೆ. ಕಮ್ಮಿಯಾಗಿದೆ ಎಂದರೆ ಎಲ್ಲೋ ಸೋರಿದೆ. ಹಾಗಾಗಿ ನಾನು ಕೇಳುವುದು ಒಂದೇ: ಎಲ್ಲಿ ಸೋರುತ್ತಿದೆ, ತೋರಿಸಿ. ತಾಮ್ರದ ಕೊಳವೆ ಸೇರುವ ನಟ್ಟಿಗೆ ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ, ಇಲ್ಲವೇ ಎಣ್ಣೆಯ ಕಲೆ ಕಾಣುತ್ತದೆ. ಅದನ್ನು ಸರಿ ಮಾಡದೆ ತುಂಬಿಸಿದರೆ ದುಡ್ಡು ಗಾಳಿಗೆ ಹೋದಂತೆ. ಯಾವ ಗ್ಯಾಸ್, ಎಷ್ಟು ತೂಕ ಅನ್ನುವುದು ಪೆಟ್ಟಿಗೆಯ ಮೇಲೇ ಅಚ್ಚಾಗಿದೆ, ತೂಕ ಮಾಡಿಯೇ ತುಂಬಿಸಲು ಹೇಳಿ. ಈ ಕೆಲಸಕ್ಕೆ ನಾನಂತೂ ಕೈ ಹಾಕುವುದಿಲ್ಲ. ಈಗಿನ ಬಹಳ ಎಸಿಗಳಲ್ಲಿರುವ ಆರ್ 32 ಗ್ಯಾಸಿಗೆ ಬೆಂಕಿ ಹತ್ತಿಕೊಳ್ಳುವ ಗುಣ ಇದೆ.

ಉಷ್ಣತೆ ಎಷ್ಟಿಡಬೇಕು? 2020ರ ಜನವರಿಯಿಂದ ಹೊಸ ಎಸಿಗಳು 24 ಡಿಗ್ರಿಗೇ ಶುರುವಾಗಬೇಕು ಅನ್ನುವ ನಿಯಮ ಬಂದಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ಕರೆಂಟು ಉಳಿಯುತ್ತದೆ ಎಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. ನಾವು 26ಕ್ಕೆ ಇಟ್ಟು ಮೇಲಿನ ಫ್ಯಾನ್ ನಿಧಾನ ತಿರುಗಿಸುತ್ತೇವೆ. ಅವ್ವನಿಗೂ ಅದೇ ಹಿತ, 22 ಇಟ್ಟರೆ ಮೊಣಕಾಲು ಹಿಡಿಯುತ್ತದೆ. ಸಂಜೆವರೆಗೆ ಕೂಲರೇ ಸಾಕು. ನಮ್ಮದು ಒಣ ಬಿಸಿಲಾದ್ದರಿಂದ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಎಸಿಗೆ ಹೋಲಿಸಿದರೆ ಅದರ ಕರೆಂಟು ಬಹಳ ಕಮ್ಮಿ. ಎಸಿ ಹಾಕುವಾಗ ಮಾತ್ರ ಕೂಲರ್ ಆರಿಸಿಬಿಡಿ. ಅದು ತುಂಬುವ ತೇವವನ್ನು ಹೊರತೆಗೆಯಲು ಎಸಿ ಮತ್ತೆ ದುಡಿಯಬೇಕಾಗುತ್ತದೆ. ಮಾಳಿಗೆಗೆ ಪ್ರತಿ ವರ್ಷ ಬಿಳಿ ಸುಣ್ಣ ಹೊಡೆಯುತ್ತೇವೆ, ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿದ್ದೇವೆ.

ಚಳಿಗಾಲಕ್ಕೆ ನಮ್ಮಲ್ಲಿ ಕೋಣೆ ಹೀಟರ್ ಬೇಕಿಲ್ಲ, ಗೀಸರ್ ಬೇಕು. ನಮ್ಮ ಬೋರ್‌ವೆಲ್ ನೀರು ಸವಳು. ಗೀಸರ್ ಕಾಯಿಲ್‌ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಪೊರೆ ತೆಗೆದರೆ ಕರೆಂಟು ಬಹಳ ಉಳಿಯುತ್ತದೆ ಅನ್ನುವವರಿದ್ದಾರೆ. ಕಾಯಿಲ್ ನೀರೊಳಗೇ ಮುಳುಗಿರುವುದರಿಂದ ಅದರ ಶಾಖವೆಲ್ಲ ನೀರಿಗೇ ಹೋಗುತ್ತದೆ, ಹಾಗಾಗಿ ಪೊರೆ ತೆಗೆಯುವುದರಿಂದ ಉಳಿಯುವುದು ಮುಖ್ಯವಾಗಿ ಕಾಯಿಲ್ಲೇ. ಪೊರೆ ಕಟ್ಟಿದ ಕಾಯಿಲ್ ಅತಿಯಾಗಿ ಕಾದು ಸುಟ್ಟುಹೋಗುತ್ತದೆ.

ಕರೆಂಟು ಉಳಿಯುವುದು ನೀರಿನ ಬಿಸಿಗೆ ಮಿತಿ ಇಡುವ ಥರ್ಮೋಸ್ಟಾಟ್‌ನಲ್ಲಿ ಮತ್ತು ಸ್ವಿಚ್ಚಿನಲ್ಲಿ. 15 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಕಾಯಿಸಲು ಬೇಕಾಗುವುದು ಸುಮಾರು 0.6 ಯೂನಿಟ್ ಅಷ್ಟೇ. ಥರ್ಮೋಸ್ಟಾಟ್ 75ರಲ್ಲಿದ್ದರೆ 60ಕ್ಕೆ ಇಳಿಸಿ. ಪೊರೆಯೂ ನಿಧಾನ ಕಟ್ಟುತ್ತದೆ. ದಿನವಿಡೀ ಹಾಕಿಟ್ಟರೆ ತೊಟ್ಟಿ ತಣಿಯುತ್ತಾ, ಮತ್ತೆ ಕಾಯುತ್ತಾ ಇರುತ್ತದೆ. ನಮ್ಮಲ್ಲಿ ಎಲ್ಲರ ಸ್ನಾನ ಒಂದರ ಹಿಂದೆ ಒಂದು, ಆಮೇಲೆ ಸ್ವಿಚ್ ಬಂದ್.

ದೀಪಾವಳಿ ಹೊತ್ತಿಗೆ ಎಲೆಕ್ಟ್ರಿಷಿಯನ್ ಕರೆಸಿ ಗೀಸರ್ ಬಿಚ್ಚಿಸುತ್ತೇನೆ. ಕಾಯಿಲನ್ನು ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರಿನಲ್ಲಿ ನೆನೆಹಾಕಿದರೆ ಪೊರೆ ಬುರುಬುರು ನೊರೆಯೆದ್ದು ಕಳಚುತ್ತದೆ. ಜೊತೆಗಿರುವ ಮೆಗ್ನೀಷಿಯಂ ಸರಳು ಸವೆದಿದ್ದರೆ ಆಗಲೇ ಬದಲಿಸಿ, ಇಲ್ಲವಾದರೆ ತುಕ್ಕು ತೊಟ್ಟಿಯನ್ನೇ ತಿನ್ನುತ್ತದೆ. ಬಿಚ್ಚಿದ ಕಡೆ ಹೊಸ ರಬ್ಬರ್ ವಾಷರ್ ಹಾಕಿಸಿ, ಅರ್ಥಿಂಗ್ ಪರೀಕ್ಷೆ ಮಾಡಿಸಿ, ತೊಟ್ಟಿ ತುಂಬಿ ನಲ್ಲಿಯಲ್ಲಿ ನೀರು ಬಂದ ಮೇಲೆಯೇ ಸ್ವಿಚ್ ಹಾಕಿ.