ಕಳೆ ಕೊಚ್ಚುವ ಯಂತ್ರಕ್ಕೆ ಚಕ್ರ ಕೂರಿಸುವುದು ಹೇಗೆ?

ಚನ್ನಗಿರಿ ಸೀಮೆಯ ಅಡಿಕೆ ತೋಟದಲ್ಲಿ ಬ್ರಷ್ ಕಟರನ್ನು ಹೆಗಲಿಗೆ ನೇತುಹಾಕಿಕೊಂಡು ದಿನವಿಡೀ ಕಳೆ ಹೊಡೆದವರಿಗೆ ಸೊಂಟದ ನೋವು ಏನೆಂದು ಗೊತ್ತು. ಎರಡು ಚಕ್ರ ಕೂರಿಸಿದರೆ ಭಾರವೇನೋ ನೆಲಕ್ಕೆ ಇಳಿಯುತ್ತದೆ. ಆದರೆ ಅಳತೆಯನ್ನು ಅಂದಾಜಿನಲ್ಲಿ ಹೇಳಿ ವೆಲ್ಡಿಂಗ್ ಅಂಗಡಿಗೆ ಒಪ್ಪಿಸಿದವರ ಯಂತ್ರಗಳಲ್ಲಿ ಬ್ಲೇಡು ಮಣ್ಣು ಕೆರೆದು, ಡ್ರಿಪ್ ಪೈಪನ್ನೂ ಮೇಲ್ಮಣ್ಣಿನಲ್ಲೇ ಹರಡಿರುವ ಅಡಿಕೆ ಬೇರನ್ನೂ ಕತ್ತರಿಸಿದ್ದನ್ನು ನಾನು ಹಲವು ಸಲ ನೋಡಿದ್ದೇನೆ.

ಎಂಜಿನ್ನಿನಿಂದ ಬ್ಲೇಡಿನ ತನಕದ ಕೊಳವೆ ನೇರವಾಗಿರುವ ಯಂತ್ರಕ್ಕೆ ಮಾತ್ರ ಈ ಕೆಲಸ ಹೊಂದುತ್ತದೆ. ಗುಜರಿ ಅಂಗಡಿಯಿಂದ ಮಕ್ಕಳ ಸೈಕಲ್ಲಿನ 12 ಇಂಚಿನ ಎರಡು ಚಕ್ರ, ಒಂದು ಅಚ್ಚು ಮತ್ತು ಕಬ್ಬಿಣದ ಪಟ್ಟಿ ತನ್ನಿ. ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಳಚದೆ ಯಂತ್ರವನ್ನು ಮುಟ್ಟಬೇಡಿ.

ಇನ್ನು ಅಳತೆ. ತೋಟದಲ್ಲಿ ಯಂತ್ರ ತಳ್ಳುವವರೇ ಈಗ ಹಿಡಿಕೆ ಹಿಡಿದು ನಿಲ್ಲಬೇಕು, ಏಕೆಂದರೆ ಅವರ ಕೈ ಎಷ್ಟು ಎತ್ತರದಲ್ಲಿದೆಯೋ ಅದರ ಮೇಲೆಯೇ ಬ್ಲೇಡಿನ ಎತ್ತರ ನಿಲ್ಲುತ್ತದೆ. ಬ್ಲೇಡಿನ ಕೆಳಗೆ ಮೂರು ಇಂಚು ದಪ್ಪದ ಮರದ ತುಂಡಿಟ್ಟು, ಬ್ಲೇಡು ಅದರ ಮೇಲೆ ಸಮತಟ್ಟಾಗಿ ಕೂತಾಗ ಹಿಡಿಕೆ ಸೊಂಟದ ಮಟ್ಟಕ್ಕೆ ಬರುವಂತೆ ನೋಡಿಕೊಳ್ಳಿ. ಕೊಳವೆಯನ್ನು ಹಿಡಿಯುವ ಕ್ಲಾಂಪ್ ಬರುವ ಜಾಗದಲ್ಲಿ ನೆಲದಿಂದ ಕೊಳವೆಯ ತನಕ ಅಳೆದು, ಅದರಲ್ಲಿ ಗಾಳಿ ತುಂಬಿದ ಚಕ್ರದ ಅಚ್ಚಿನ ಎತ್ತರವನ್ನು ಕಳೆದರೆ ಉಳಿಯುವುದೇ ಕಾಲಿನ, ಅಂದರೆ ಕ್ಲಾಂಪಿನಿಂದ ಅಚ್ಚಿಗೆ ಇಳಿಯುವ ಕಬ್ಬಿಣದ ಪಟ್ಟಿಯ ಉದ್ದ. ಚಕ್ರಗಳು ಎಂಜಿನ್ನಿನ ಕಡೆಗೆ ಸರಿದಷ್ಟೂ ಕೈಗೆ ಹಗುರ, ಆದರೆ ಹಿಡಿಕೆ ಸ್ವಲ್ಪ ಅಲುಗಿದರೂ ಬ್ಲೇಡು ಹೆಚ್ಚು ಏರಿಳಿಯುತ್ತದೆ. ಆದ್ದರಿಂದ ಬ್ಲೇಡಿನ ಮೇಲಿನ ರಕ್ಷಾ ಕವಚವಾದ ಗಾರ್ಡಿಗೆ ತಾಗದಷ್ಟು ಅಂತರ ಬಿಟ್ಟು, ಅದರ ಹಿಂದೆಯೇ ಕೂರಿಸುವುದು ನನ್ನ ಖಚಿತ ಸಲಹೆ.

ಕಾಲು, ಅಚ್ಚುಗಳ ವೆಲ್ಡಿಂಗ್ ಅರ್ಧ ಗಂಟೆಯ ಕೆಲಸ. ಕೊಳವೆ ಅಲ್ಯೂಮಿನಿಯಮ್ಮಿನದಾದ್ದರಿಂದ ಅದಕ್ಕೆ ಬೆಸುಗೆ ಬೇಡ. ಎರಡು ಹೋಳಿನ ಕ್ಲಾಂಪ್ ಸಾಕು. ಪ್ಲಾಸ್ಟಿಕ್ಕಿನ ಅಗ್ಗದ ಕ್ಲಾಂಪ್ ಎಂಜಿನ್ನಿನ ನಡುಕಕ್ಕೆ ಸೀಳುತ್ತದೆ, ಅದನ್ನು ಕೊಳ್ಳಬೇಡಿ. ಕ್ಲಾಂಪಿನ ಒಳಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ, ಬೋಲ್ಟುಗಳನ್ನು ಅರ್ಧರ್ಧ ಸುತ್ತಿನಂತೆ ಸರದಿಯಲ್ಲಿ ಬಿಗಿಯುತ್ತ, ಪ್ರತಿ ಸಲವೂ ಕೈಗವಸು ತೊಟ್ಟು ಬ್ಲೇಡನ್ನು ತಿರುಗಿಸಿ ನೋಡಿ. ತಿರುಗುವುದು ಸ್ವಲ್ಪ ಬಿಗುವಾದರೂ ಕೊಳವೆ ನೆಗ್ಗಿ, ಬ್ಲೇಡನ್ನು ತಿರುಗಿಸುವ ಒಳಗಿನ ಶಾಫ್ಟಿಗೆ ತಾಗುತ್ತಿದೆ ಎಂದೇ ತಿಳಿದು ಬೋಲ್ಟು ಸಡಿಲಿಸಿ.

ಚಕ್ರಕ್ಕೆ ಜಾಗ ಸಾಲದೆಂದು ಗಾರ್ಡ್ ಕಳಚುವುದು, ಬ್ಲೇಡಿನ ಜಾಗದಲ್ಲಿ ಹಾಕುವ ನೈಲಾನ್ ದಾರದ ಬದಲು ಕಬ್ಬಿಣದ ತಂತಿ ಕಟ್ಟುವುದು ಯಾವ ಕಾರಣಕ್ಕೂ ಕೂಡದು. ತುಂಡಾದ ತಂತಿ ಮೈಯೊಳಗೆ ನಾಟುವಷ್ಟು ವೇಗದಲ್ಲಿ ಹಾರುತ್ತದೆ. ಹತ್ತು ನಿಮಿಷ ಓಡಿಸಿದ ಮೇಲೆ ಎಂಜಿನ್ ನಿಲ್ಲಿಸಿ ಬೋಲ್ಟುಗಳನ್ನು ಮತ್ತೊಮ್ಮೆ ನೋಡಿ, ಮತ್ತು ಯಂತ್ರ ಓಡುವಾಗ 15 ಮೀಟರಿನೊಳಗೆ ಯಾರನ್ನೂ ನಿಲ್ಲಗೊಡಬೇಡಿ.