ಟೆಲಿಸ್ಕೋಪ್ ಪಕ್ಕ ಪೆನ್ಸಿಲ್: ನಕ್ಷತ್ರ ನೋಡಿ ಚಿತ್ರ ಬಿಡಿಸುವ ಸಂಜೆ ಏರ್ಪಡಿಸುವುದು ಹೇಗೆ?

ಆಕಾಶ ವೀಕ್ಷಣೆಗೆ ಚಿತ್ರಕಲೆಯನ್ನೂ ಸೇರಿಸಿದ ಸಾರ್ವಜನಿಕ ಕಾರ್ಯಕ್ರಮಗಳನ್ನು ಮೋಡಕ್ಕಿಂತ ಹೆಚ್ಚಾಗಿ ಕೆಡಿಸುವುದು ಬೆಳಕು. ಬಿಡಿಸುವವರಿಗೆ ಕಾಗದ ಕಾಣಬೇಕು, ನೋಡುವವರಿಗೆ ಕತ್ತಲು ಬೇಕು. ಈ ತಕರಾರು ಬಗೆಹರಿಯುವವರೆಗೆ ಯಾರನ್ನೂ ಕರೆಯಬೇಡಿ.

1. ದಿನ
ಅಮಾವಾಸ್ಯೆ ಕಳೆದ ನಾಲ್ಕನೇ ದಿನದ ಆಸುಪಾಸು ಒಳ್ಳೆಯದು. ಮೊದಲು ಚಂದ್ರನ ಕುಳಿಗಳನ್ನು ಬಿಡಿಸಬಹುದು. ಸೂರ್ಯ ಮುಳುಗಿ ಸಾಮಾನ್ಯವಾಗಿ ಮೂರು ಗಂಟೆಯ ಹೊತ್ತಿಗೆ ಚಂದ್ರನೂ ಮುಳುಗಿ, ಮಂಕಾದ ನೀಹಾರಿಕೆಗಳಿಗೆ (ಆಕಾಶದ ಅನಿಲ, ಧೂಳಿನ ಮೋಡಗಳಿಗೆ) ಕತ್ತಲು ಸಿಗುತ್ತದೆ. ಹುಣ್ಣಿಮೆ ಎರಡಕ್ಕೂ ಬಾರದು: ನೆರಳಿಲ್ಲದೆ ಕುಳಿಗಳು ಚಪ್ಪಟೆಯಾಗಿ ಕಾಣುತ್ತವೆ, ಆಕಾಶವೂ ಬೆಳ್ಳಗಾಗಿರುತ್ತದೆ.

2. ಜಾಗ
ವಾಹನಗಳು ದೂರ ನಿಲ್ಲಲಿ, ಎಲ್ಲರೂ ಬೆಳಕಿರುವಾಗಲೇ ಬಂದು ಕೂರಲಿ. ಅಷ್ಟೇ.

3. ದೀಪ
ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಒಂದು ಮೊಬೈಲ್ ಪರದೆ ಅದನ್ನು ಕ್ಷಣದಲ್ಲಿ ಹಾಳುಮಾಡುತ್ತದೆ. ಕತ್ತಲಲ್ಲಿ ನೋಡುವ ಅಕ್ಷಿಪಟಲದ ಕೋಶಗಳಿಗೆ ಕಡುಗೆಂಪು ಬೆಳಕು ಅಷ್ಟಾಗಿ ತಟ್ಟದು. ಆದರೆ ದೀಪ ಕೆಂಪಗಿದ್ದರೆ ಸಾಲದು, ಮಂದವೂ ಆಗಿರಬೇಕು. ಸೈಕಲ್ಲಿನ ಹಿಂದೀಪ ತಂದಿಡುವವರುಂಟು. ಅದು ಕಣ್ಣಿಗೆ ಕುಕ್ಕುತ್ತದೆ. ಬಿಳಿ ಟಾರ್ಚಿಗೆ ಒಂದು ಪದರ ಕೆಂಪು ಗಾಜುಕಾಗದ ಸುತ್ತಿದರೆ ಬಿಳಿ ಬೆಳಕು ಸೋರುತ್ತಲೇ ಇರುತ್ತದೆ. ಮೂರ್ನಾಲ್ಕು ಪದರ ಹಾಕಿ, ಅಂಚಿಗೆ ಕಪ್ಪು ಟೇಪ್ ಹಚ್ಚಿ. ಒಂದಡಿ ದೂರದಿಂದ ಪೆನ್ಸಿಲ್ ಗೆರೆ ಕಷ್ಟಪಟ್ಟು ಕಂಡರೆ ಸಾಕು. ಬಿಳಿ ಬೆಳಕನ್ನು ದಾಟಿಯೇ ಕೆಂಪಿಗೆ ಹೋಗುವ ಗುಂಡಿಯಿರುವ ಹೆಡ್‌ಲ್ಯಾಂಪ್ ಕೊಳ್ಳಲೇಬೇಡಿ. ಕತ್ತಲಲ್ಲಿ ಹೊಳೆಯುವ ಬಣ್ಣವೂ ಬೇಡ. ಅದು ಸೂಸುವ ಹಸಿರಿಗೆ ಆ ಕೋಶಗಳು ಬೇಗ ಸೋಲುತ್ತವೆ.

ಕೆಂಪು ದೀಪದಡಿ ಕೆಂಪು, ಕಿತ್ತಳೆ, ಹಳದಿ, ಬಿಳಿ ಎಲ್ಲ ಒಂದೇ. ಕೆಂಪು ಪೆನ್ಸಿಲ್ಲಿನ ಗೆರೆ ಬಿಳಿ ಕಾಗದದಲ್ಲಿ ಮಾಯ. ಬಣ್ಣದ ಪೆಟ್ಟಿಗೆ ಮನೆಯಲ್ಲೇ ಇರಲಿ. ಕಪ್ಪು ಕಾಗದ, ಬಿಳಿ ಪಾಸ್ಟೆಲ್ ನೋಡಲು ಚೆಂದ, ಆದರೆ ತಪ್ಪು ಅಳಿಸಲಾಗದು. ಹೊಸಬರಿಗೆ ಬಿಳಿ ಕಾಗದ, 2ಬಿ ಮತ್ತು 4ಬಿ ಪೆನ್ಸಿಲ್ ಕೊಡಿ. ಬೇಕಿದ್ದರೆ ಆಮೇಲೆ ಕಂಪ್ಯೂಟರಿನಲ್ಲಿ ಕಪ್ಪು-ಬಿಳುಪು ತಿರುವುಮುರುವು ಮಾಡಿಕೊಳ್ಳಲಿ.

4. ಬಿಡಿಸುವುದು
ಎಲ್ಲರೂ ಎಡವುವುದು ಇಲ್ಲೇ. ಐಪೀಸಿಗೆ, ಅಂದರೆ ಟೆಲಿಸ್ಕೋಪಿನಲ್ಲಿ ಇಣುಕುವ ಮಸೂರಕ್ಕೆ, ಕಣ್ಣಿಟ್ಟ ತಕ್ಷಣ ಮಂಜಿನಂಥ ಭಾಗ ಗೀಚಲು ಹೊರಡುತ್ತಾರೆ. ಮೊದಲು ಐದು ನಿಮಿಷ ಬರೀ ನೋಡಲಿ. ಮಂಕಾದದ್ದನ್ನು ನೇರ ದಿಟ್ಟಿಸದೆ ಸ್ವಲ್ಪ ಪಕ್ಕಕ್ಕೆ ನೋಡಿದರೆ ಅದು ಎದ್ದು ಕಾಣುತ್ತದೆ.

ಕಾಗದದಲ್ಲಿ ಮುಂಚೆಯೇ 8ರಿಂದ 10 ಸೆಂ.ಮೀ. ವ್ಯಾಸದ ವೃತ್ತ ಎಳೆದಿಟ್ಟಿರಿ. ಅದೇ ಐಪೀಸಿನ ನೋಟ. ಅತಿ ಪ್ರಕಾಶದ ನಕ್ಷತ್ರಗಳನ್ನು ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ, ‘ಎರಡು ಗಂಟೆಯ ದಿಕ್ಕು, ಮಧ್ಯದಿಂದ ಅರ್ಧ ದೂರ’ ಎಂದು ಗುರುತಿಸಲಿ. ನಂತರ ಮಂಕು ತಾರೆಗಳು, ಕಡೆಗೆ ಮಂಜು. ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ನೀಹಾರಿಕೆಯಾದರೆ ನಡುವಿನ ನಾಲ್ಕು ತಾರೆಗಳಿಂದ ಶುರುಮಾಡಿ, ಸುತ್ತಲ ಬೆಳಕನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಉಜ್ಜಿ ಹರಡಬೇಕು. ಫೋಟೊಗಳಲ್ಲಿರುವ ಗುಲಾಬಿ ಕಣ್ಣಿಗೆ ಕಾಣದು, ಕಾಣುವುದು ಬೂದು. ಕಂಡದ್ದನ್ನಷ್ಟೇ ಬಿಡಿಸಲಿ, ಅದೇನೂ ಕಡಿಮೆಯಲ್ಲ: ಎಂ51 ಎಂಬ ಗೆಲಾಕ್ಸಿಯ ಸುರುಳಿ ಆಕಾರ 1845ರಲ್ಲಿ ಐರ್ಲೆಂಡಿನ ಖಗೋಳವೀಕ್ಷಕ ಲಾರ್ಡ್ ರಾಸ್‌ಗೆ ದಕ್ಕಿದ್ದು 72 ಅಂಗುಲ ವ್ಯಾಸದ ಟೆಲಿಸ್ಕೋಪಿಗೆ ಇಟ್ಟ ಕಣ್ಣು ಮತ್ತು ಕೈಯಲ್ಲಿನ ಪೆನ್ಸಿಲ್ಲಿನಿಂದ.

ಮೋಟಾರಿಲ್ಲದ ಟೆಲಿಸ್ಕೋಪಿನಲ್ಲಿ ಅರ್ಧ ಡಿಗ್ರಿಯ ನೋಟವನ್ನು ಖಗೋಳ ಸಮಭಾಜಕದ (ಭೂಮಿಯ ಸಮಭಾಜಕದ ನೇರ ಮೇಲೆ ಆಕಾಶದಲ್ಲಿ ಕಲ್ಪಿಸಿದ ಗೆರೆಯ) ಬಳಿಯ ತಾರೆ ಎರಡೇ ನಿಮಿಷದಲ್ಲಿ ದಾಟಿಬಿಡುತ್ತದೆ. ಮೆಲ್ಲಗೆ ತಳ್ಳುತ್ತಿರಲು ಒಬ್ಬರನ್ನು ನಿಲ್ಲಿಸಿ. ತಾರೆ ಹೊರಬೀಳುವ ಅಂಚೇ ಪಶ್ಚಿಮ. ವೃತ್ತದ ಮೇಲೆ ಬರೆದುಕೊಳ್ಳಿ.

ಒಂದು ಚಿತ್ರಕ್ಕೆ 15ರಿಂದ 20 ನಿಮಿಷ ಹಿಡಿಯುತ್ತದೆ, ಹಿಂದೆ ಸರದಿ ಬೆಳೆಯುತ್ತದೆ. ಆದ್ದರಿಂದ ಇಣುಕಿ ಹೋಗುವವರಿಗೊಂದು, ಬಿಡಿಸುವವರಿಗೊಂದು ಎಂದು ಎರಡು ಟೆಲಿಸ್ಕೋಪ್ ಬೇಕೇ ಬೇಕು. ಒಂದೇ ಇದ್ದರೆ ಬಿಡಿಸುವವರು ಬರಿಗಣ್ಣಿಗೆ ಕಾಣುವ ಕೃತ್ತಿಕೆಯನ್ನು ಆಯ್ದುಕೊಳ್ಳಲಿ.

5. ಕೊನೆಗೆ
ಇಬ್ಬನಿಗೆ ಕಾಗದ ಮೆತ್ತಗಾಗುತ್ತದೆ, ಮೇಲೊಂದು ಪ್ಲಾಸ್ಟಿಕ್ ಹಾಳೆ ಮುಚ್ಚಿ. ಗೆರೆ ಅಳಿಯದಂತೆ ಹೊಡೆಯುವ ಸ್ಪ್ರೇ ಮೈದಾನದಲ್ಲಿ ನಿಷಿದ್ಧ. ಅದರ ಹನಿಗಳು ಕನ್ನಡಿ, ಮಸೂರಗಳ ಮೇಲೆ ಕೂತರೆ ತೆಗೆಯುವುದು ಕಷ್ಟ. ಅದು ಮರುದಿನ, ಬೇರೆಡೆ ಆಗಲಿ. ಪ್ರದರ್ಶನಕ್ಕಿಡುವ ಮುನ್ನ ಪ್ರತಿ ಚಿತ್ರದ ಹಿಂದೆ ಕಾಯದ ಹೆಸರು, ದಿನ, ವೇಳೆ, ಟೆಲಿಸ್ಕೋಪಿನ ವ್ಯಾಸ ಮತ್ತು ವರ್ಧನೆ ಬರೆಸಿಕೊಳ್ಳಿ.