ಶಿರಸಿಯ ಮನೆಗೆ ಫ್ರೀ ಡಿಶ್: ಯಾವ ಡಿಶ್‌ಗೆ ಯಾವ ಎಲ್‌ಎನ್‌ಬಿ

ನಮ್ಮ ಶಿರಸಿ ಕಡೆಯ ಮನೆಯ ಹಿತ್ತಿಲಲ್ಲಿ ಎಂಟಡಿಯ ಜಾಲರಿ ಡಿಶ್ ಒಂದು ಬಿದ್ದುಕೊಂಡಿತ್ತು. ಆಯಿಗೆ ಚಂದನ ವಾಹಿನಿ ಬೇಕು, ತಿಂಗಳ ರೀಚಾರ್ಜಿನ ರಗಳೆ ಬೇಡ. ಹಾಗಾಗಿ ದೂರದರ್ಶನದ ಉಚಿತ ಸೇವೆ ಡಿಡಿ ಫ್ರೀ ಡಿಶ್ ಹಾಕಿಸೋಣ ಅಂತಾಯಿತು. ಇಷ್ಟು ದೊಡ್ಡ ಡಿಶ್ ಇರುವಾಗ ಬಾಕ್ಸ್, ಎಲ್‌ಎನ್‌ಬಿ (ಡಿಶ್ಶಿನ ಮುಂದೆ ಕೂತು ಸಿಗ್ನಲ್ ಹಿಡಿಯುವ ಭಾಗ) ಕೊಂಡರೆ ಸಾಕೆಂದು ಎರಡು ದಿನ ಒದ್ದಾಡಿದೆ. ಟಿವಿಯಲ್ಲಿ ಬಾಕ್ಸ್ ತೋರಿಸುವ ಸಿಗ್ನಲ್ ಕ್ವಾಲಿಟಿ ಸೊನ್ನೆ ಬಿಟ್ಟು ಮೇಲೇಳಲಿಲ್ಲ.

ಆ ಜಾಲರಿ ಸಿ ಬ್ಯಾಂಡ್ ಎಂಬ ತರಂಗ ಶ್ರೇಣಿಯದು. ಅದರ ಅಲೆ ಏಳೆಂಟು ಸೆಂಟಿಮೀಟರ್ ಉದ್ದ. ಫ್ರೀ ಡಿಶ್ ಬರುವುದು ಕೆಯು ಬ್ಯಾಂಡಿನಲ್ಲಿ, ಅಲೆ ಮೂರು ಸೆಂಟಿಮೀಟರಿಗೂ ಕಮ್ಮಿ. ಅಲ್ಲಲ್ಲಿ ನೆಗ್ಗಿದ ಜಾಲರಿ ಅದನ್ನು ಒಂದೆಡೆ ಕೂಡಿಸಲಾರದು. ತೂತಿಲ್ಲದ ತಗಡಿನ ಡಿಶ್ಶೇ ಬೇಕು. ಖಾಸಗಿ ಕಂಪನಿಯ ಹಳೇ ಕೆಯು ಡಿಶ್ ಇದ್ದರೆ ಧಾರಾಳವಾಗಿ ಬಳಸಿ.

ಎಲ್‌ಎನ್‌ಬಿ ಮೇಲಿನ ಅಂಕಿ ಓದದೆ ಕೊಳ್ಳಬೇಡಿ. 5150 ಅಂದರೆ ಸಿ ಬ್ಯಾಂಡ್. 9750/10600 ಅಂದರೆ ಕೆಯು. ಬಾಕ್ಸಿನ ಮೆನುವಿನಲ್ಲೂ ಅದೇ ಅಂಕಿ ಇರಬೇಕು. 11,090 ಮೆಗಾಹರ್ಟ್ಸ್‌ನ ಸಿಗ್ನಲ್ ಬಂತೆನ್ನಿ. ಎಲ್‌ಎನ್‌ಬಿ ಅದರಿಂದ 9,750 ಕಳೆದು 1,340 ಮಾಡಿ ಕೇಬಲ್ಲಿಗೆ ಇಳಿಸುತ್ತದೆ. ಬಾಕ್ಸಿಗೆ ತಿಳಿಯುವುದು 950ರಿಂದ 2,150ರವರೆಗೆ ಮಾತ್ರ. ಬಾಕ್ಸ್ ಎಂಪೆಗ್-4 (ಚಿತ್ರ ಕುಗ್ಗಿಸಿ ಕಳಿಸುವ ಹೊಸ ವಿಧಾನ) ತಿಳಿಯುವಂಥದ್ದಿರಲಿ, ಹಳೇ ಎಂಪೆಗ್-2ರಲ್ಲಿ ಕೆಲವು ಚಾನೆಲ್ ಕಾಣುವುದೇ ಇಲ್ಲ. ಡಿಶ್ಶಿನಿಂದ ಬಾಕ್ಸಿಗೆ ಎಳೆಯುವ ಕೇಬಲ್ ಆರ್‌ಜಿ-6 ನಮೂನೆಯದು ಇರಲಿ.

60 ಸೆಂಟಿಮೀಟರ್ ಡಿಶ್ ಬಯಲುಸೀಮೆಗೆ ಸಾಕು. ನಮ್ಮ ಮಳೆಗೆ ನಾನು 90ರದ್ದೇ ಹಾಕಿದೆ. ಅದು ಹಿಡಿಯುವ ಸಿಗ್ನಲ್ ಎರಡೂಕಾಲು ಪಟ್ಟು. ಜಡಿಮಳೆಗೆ ಆಗಲೂ ಚಿತ್ರ ನಿಲ್ಲುತ್ತದೆ, ಆದರೆ ಬೇಗ ವಾಪಸ್ ಬರುತ್ತದೆ.

ಫ್ರೀ ಡಿಶ್ ಕಳಿಸುವ ಉಪಗ್ರಹ ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವದಲ್ಲಿ. ಶಿರಸಿಯಿಂದ ನೋಡಿದರೆ ಆಗ್ನೇಯಕ್ಕೆ, ನೆಲದಿಂದ ಸುಮಾರು 62 ಡಿಗ್ರಿ ಎತ್ತರದಲ್ಲಿ. ಎಲ್‌ಎನ್‌ಬಿ ನಡುವಿಗೆ ಬಾರದೆ ಕೆಳಗೆ ಕೂರುವ ಈ ಆಫ್‌ಸೆಟ್ ಡಿಶ್ ಅಷ್ಟು ಮೇಲೆ ನೋಡಿದಂತೆ ಕಾಣುವುದಿಲ್ಲ, ಅದಕ್ಕೇ ಎಷ್ಟೋ ಜನ ಎದುರಿನ ಮರ ಕಡಿಸುತ್ತಾರೆ. ದಯವಿಟ್ಟು ಕಡಿಸಬೇಡಿ! ಹತ್ತು ಮೀಟರ್ ದೂರದ ಅಡಿಕೆ ಮರ ಡಿಶ್‌ಗಿಂತ ಹದಿನೆಂಟು ಮೀಟರ್ ಮೇಲೇರಿದರೆ ಮಾತ್ರ ಅಡ್ಡ ಬಂದೀತು.

ದಿಕ್ಕು ಸಿಕ್ಕಿದ ಮೇಲೆ ಎಲ್‌ಎನ್‌ಬಿಯನ್ನು ಹಿಡಿಕೆಯಲ್ಲೇ ಸ್ವಲ್ಪ ಸ್ವಲ್ಪ ತಿರುಗಿಸಿ. ಸ್ಟ್ರೆಂತ್ ಅಲ್ಲ, ಕ್ವಾಲಿಟಿ ಏರಬೇಕು. ಬೋಲ್ಟ್ ಬಿಗಿಯುವಾಗ ಡಿಶ್ ಕೂದಲೆಳೆಯಷ್ಟು ಜಾರಿದರೂ ಕ್ವಾಲಿಟಿ ಇಳಿಯುತ್ತದೆ, ಹಾಗಾಗಿ ಕೊನೆಯ ಬೋಲ್ಟಿನವರೆಗೂ ಒಬ್ಬರು ಟಿವಿ ಮುಂದೆ ಕೂತು ಅಂಕಿ ಕೂಗುತ್ತಿರಲಿ. ನಮ್ಮಲ್ಲಿ ಆ ಕೆಲಸ ಆಯಿಯದು.